ಕಲಿಕಾ ಕಾರ್ಡು ಮತ್ತು ಪಾಠಾಂತರದ ಹಕ್ಕು: ಪ್ರಾಥಮಿಕ ತರಗತಿಯ ಕನ್ನಡ ಪಾಠೋಪಕರಣಗಳನ್ನು ಕುರಿತು

ಕನ್ನಡ ಅಧ್ಯಯನ ವಿಭಾಗಗಳು ಕಳೆದ ಕೆಲವು ದಶಕಗಳಲ್ಲಿ ‘ಪಠ್ಯ’ವೆಂಬ ಪರಿಕಲ್ಪನೆಯನ್ನು ಸಾಕಷ್ಟು ಹಿಗ್ಗಿಸಿಕೊಂಡಿವೆ. ಶಾಸನ, ಓಲೆಗರಿ, ಮೌಖಿಕ ಮಹಾಕಾವ್ಯಗಳ ಜೊತೆಗೆ ಕೈಫಿಯತ್ತು, ಜಾತ್ರೆಯ ಆಚರಣೆ, ಚಲನಚಿತ್ರ, ಜಾಹೀರಾತುಗಳೂ ಇಂದು ಅಧ್ಯಯನದ ವಸ್ತುಗಳಾಗಿವೆ. ಆದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಮಗುವೊಂದು ತನ್ನ ಬದುಕಿನ ಮೊದಲ ಕನ್ನಡ ಪದವನ್ನು ಓದಿಕೊಳ್ಳುವ ರಟ್ಟಿನ ಕಾರ್ಡು ಮಾತ್ರ ಈ ಪಟ್ಟಿಯ ಹೊರಗೇ ಉಳಿದಿದೆ. ಅದನ್ನು ಬೋಧನೋಪಕರಣವೆಂದು ಕರೆದು, ಶಿಕ್ಷಣಶಾಸ್ತ್ರದ ವಶಕ್ಕೆ ಒಪ್ಪಿಸಿ, ಸಾಹಿತ್ಯ ಮತ್ತು ಭಾಷಾ ಅಧ್ಯಯನಗಳು ಸುಮ್ಮನಾಗಿವೆ. ಆ ಕಾರ್ಡಿನಲ್ಲಿರುವುದು ಯಾರ ಕನ್ನಡ, ಅದನ್ನು ಬರೆದವರು ಯಾರು, ಬರೆದದ್ದನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗಳು ಮೂಲತಃ ಕನ್ನಡ ಅಧ್ಯಯನದ ಪ್ರಶ್ನೆಗಳೇ ಆಗಿವೆ.

ಪ್ರಸ್ತುತ ಲೇಖನವು ನಲಿ-ಕಲಿ ಪದ್ಧತಿಯ ಕಲಿಕಾ ಕಾರ್ಡುಗಳನ್ನು ಮುಂದಿರಿಸಿಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ. ನಿದರ್ಶನಕ್ಕೆ ಆರಿಸಿಕೊಂಡಿರುವುದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯ ಸೀಮೆಯನ್ನು. ಮಲ್ಲಿಪಟ್ಟಣವು ನಲಿ-ಕಲಿ ಹುಟ್ಟಿದ ನೆಲವಲ್ಲ. ಬೇರೆಡೆ ಹುಟ್ಟಿ, ಬೇರೆಡೆ ಅಚ್ಚಾಗಿ, ಪೆಟ್ಟಿಗೆಯಲ್ಲಿ ಬಂದಿಳಿಯುವ ಸಾಮಗ್ರಿಯನ್ನು ತೆರೆದು ಬಳಸುವ ನಾಡಿನ ನೂರಾರು ಹೋಬಳಿಗಳಲ್ಲಿ ಅದೂ ಒಂದು. ಪಾಠೋಪಕರಣವೊಂದರ ನಿಜವಾದ ಪರೀಕ್ಷೆ ನಡೆಯುವುದು ಅದು ಹುಟ್ಟಿದಲ್ಲಿ ಅಲ್ಲ, ಬಂದು ತಲುಪಿದಲ್ಲಿ ಎಂಬ ಕಾರಣಕ್ಕಾಗಿಯೇ ಈ ಆಯ್ಕೆ.

ಮಠಪತ್ರಿಕೆಯಿಂದ ಕಾರ್ಡಿನವರೆಗೆ

ಶಿಕ್ಷಕರು ತಾವೇ ಪಾಠಸಾಮಗ್ರಿಯನ್ನು ಸಿದ್ಧಪಡಿಸಿ ಇತರ ಶಿಕ್ಷಕರೊಡನೆ ಹಂಚಿಕೊಳ್ಳುವ ಪರಿಪಾಠ ಕನ್ನಡಕ್ಕೆ ಹೊಸದಲ್ಲ. ಕೂಲಿಮಠದ ಅಯ್ಯಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕಾಲದಲ್ಲಿ ಸಾಮಗ್ರಿಯೆಂದರೆ ನೆನಪು. ಮಗ್ಗಿ, ಕಾಗುಣಿತ, ನೀತಿಪದ್ಯಗಳು ಬಾಯಿಂದ ಬಾಯಿಗೆ ದಾಟುತ್ತಿದ್ದವು. ದಾಟುವಾಗ ಊರಿನಿಂದ ಊರಿಗೆ ಅಷ್ಟಿಷ್ಟು ಬದಲಾಗುತ್ತಲೂ ಇದ್ದವು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ೧೮೬೦ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ ಹುಟ್ಟಿದ ‘ಮಠಪತ್ರಿಕೆ’ಯು ಶಾಲಾ ಮಾಸ್ತರರನ್ನೇ ಓದುಗರನ್ನಾಗಿ ಇಟ್ಟುಕೊಂಡಿತ್ತು. ಶಾಲೆಯನ್ನು ಮಠವೆನ್ನುತ್ತಿದ್ದ ದಿನಗಳ ಆ ಹೆಸರು ಬದಲಾಗಿ, ಪತ್ರಿಕೆ ಮುಂದೆ ಧಾರವಾಡದ ‘ಜೀವನ ಶಿಕ್ಷಣ’ವಾಯಿತು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ತನಿಖೆಯ ಅಧಿಕಾರಿಯಾಗಿ ದುಡಿಯುತ್ತಲೇ ಮಕ್ಕಳ ಪದ್ಯ, ಕಥೆಗಳನ್ನು ಬರೆದರು. ತರಗತಿಯ ಒಳಗಿನ ಕೊರತೆಯನ್ನು ಕಂಡವರೇ ಅದನ್ನು ತುಂಬಲು ಬರೆದರು ಎಂಬುದು ಇಲ್ಲಿ ಗಮನಾರ್ಹ. ಬರೆಯುವವರು ಮತ್ತು ಕಲಿಸುವವರು ಬೇರೆ ಬೇರೆಯಾದದ್ದು ಪಠ್ಯಪುಸ್ತಕದ ಉತ್ಪಾದನೆ ರಾಜ್ಯದ ಇಲಾಖೆಯೊಂದರ ಕಾರ್ಯವಾದ ಮೇಲೆ.

ಈ ಅಗಲಿಕೆಯನ್ನು ಸ್ವಲ್ಪಕಾಲವಾದರೂ ಅಳಿಸಿದ ಪ್ರಯೋಗವೆಂದರೆ ನಲಿ-ಕಲಿ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾಯಿತು. ತಾಲ್ಲೂಕಿನ ಶಿಕ್ಷಕರ ಒಂದು ಚಿಕ್ಕ ತಂಡ ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಹಲವು ವಯಸ್ಸಿನ ಮಕ್ಕಳು ಒಬ್ಬನೇ ಶಿಕ್ಷಕನ ಕೆಳಗೆ ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದಿತು. ಅಲ್ಲಿನ ಕಾರ್ಡುಗಳು ತೆಲುಗಿನವು. ಆದ್ದರಿಂದ ಅವನ್ನು ಹಾಗೆಯೇ ತಂದುಕೊಳ್ಳುವ ಅವಕಾಶ ಇರಲಿಲ್ಲ. ಅದು ಕನ್ನಡದ ಭಾಗ್ಯವೆಂದೇ ಹೇಳಬೇಕು. ತಂಡವು ಕ್ರಮವನ್ನು ಮಾತ್ರ ಎರವಲು ಪಡೆದು, ಕಾರ್ಡುಗಳನ್ನು ತಾನೇ ಬರೆಯಬೇಕಾಯಿತು. ಕಾಡಂಚಿನ ಹಳ್ಳಿಗಳು, ಜೇನುಕುರುಬರ ಮತ್ತು ಕಾಡುಕುರುಬರ ಹಾಡಿಗಳು ಇರುವ ಆ ತಾಲ್ಲೂಕಿನ ಹಾಡು, ಒಗಟು, ಕಥೆ, ಗಿಡಮರಗಳಿಗೆ ಪಾಠದೊಳಗೆ ದಾರಿ ತೆರೆದದ್ದು ಹೀಗೆ.

ಪದ್ಧತಿಯ ಒಳರಚನೆ ಕನ್ನಡ ಅಧ್ಯಾಪಕರಿಗೆ ಅಷ್ಟಾಗಿ ಪರಿಚಿತವಲ್ಲದ ಕಾರಣ ಇಲ್ಲಿ ಒಂದಿಷ್ಟು ವಿವರ ಅವಶ್ಯ. ಒಂದು ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ ಒಡೆಯಲಾಗಿದೆ. ಪ್ರತಿ ಮೈಲಿಗಲ್ಲಿನಲ್ಲಿ ಹಲವು ಮೆಟ್ಟಿಲು; ಎಲ್ಲ ಮೆಟ್ಟಿಲುಗಳನ್ನು ಅನುಕ್ರಮವಾಗಿ ತೋರಿಸುವ ಪಟವೇ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೂ ಕಾರ್ಡು ಇರುತ್ತದೆ. ಕಾರ್ಡಿನ ಮೇಲೆ ಚಟುವಟಿಕೆಯ ಬಗೆಯನ್ನು ಸೂಚಿಸುವ ಚಿಹ್ನೆ ಇರುತ್ತದೆ. ಅಕ್ಷರ ಬಾರದ ಮಗುವೂ ಚಿಹ್ನೆಯನ್ನು ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳಬಲ್ಲದು. ಮಕ್ಕಳು ತರಗತಿವಾರು ಸಾಲಾಗಿ ಕುಳಿತುಕೊಳ್ಳದೆ, ಶಿಕ್ಷಕರ ಪೂರ್ಣ ಸಹಾಯ ಪಡೆಯುವವರಿಂದ ಮೊದಲುಗೊಂಡು ಸ್ವತಃ ಕಲಿಯುವವರವರೆಗೆ ಐದು ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ. ಈ ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಯ ಹಲಗೆ, ತಲೆಯ ಮೇಲೆ ಮಕ್ಕಳ ಚಿತ್ರ ಬರಹಗಳನ್ನು ತೂಗುಬಿಡುವ ಚಪ್ಪರ. ಮಗು ಒಂದು ವಾರ ಶಾಲೆ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಈ ವ್ಯವಸ್ಥೆಯ ದೊಡ್ಡ ಗುಣ. ಕಳೆ ಕೀಳುವ ಕಾಲದಲ್ಲಿ, ಸುಗ್ಗಿಯಲ್ಲಿ ಮಕ್ಕಳು ಮನೆಯಲ್ಲೇ ಉಳಿಯುವ ಊರುಗಳಿಗೆ ಇದು ಸಣ್ಣ ಮಾತಲ್ಲ.

ಅಕ್ಷರಗಳ ಅನುಕ್ರಮದಲ್ಲಿ ಆದ ಬದಲಾವಣೆಯಂತೂ ಭಾಷಾಧ್ಯಯನದ ದೃಷ್ಟಿಯಿಂದ ಮುಖ್ಯವಾದುದು. ವರ್ಣಮಾಲೆಯು ಉಚ್ಚಾರಣೆಯ ಶಾಸ್ತ್ರೀಯ ವರ್ಗೀಕರಣವೇ ಹೊರತು ಕಲಿಕೆಯ ಕ್ರಮವಲ್ಲ. ‘ಅ ಆ ಇ ಈ’ ಎಂದು ಹೊರಟ ಮಗು ವಾರಗಟ್ಟಲೆ ಬರೆದರೂ ಅರ್ಥವುಳ್ಳ ಪದವೊಂದನ್ನು ಕಟ್ಟಲಾರದು. ನಲಿ-ಕಲಿಯು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಹೊರಡುತ್ತದೆ. ಅನಂತರ ‘ಜ ವ ಮ ಬ ನ’. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಿರುವ, ಕೂಡಿದರೆ ಕೂಡಲೇ ಪದವಾಗುವ ಅಕ್ಷರಗಳು ಇವು. ಮೊದಲ ಐದರಿಂದಲೇ ಸರ, ದರ, ರಸ, ಅರಸ, ಅಗಸ ಎಂಬ ಪದಗಳು ಹುಟ್ಟುತ್ತವೆ. ಹಳೆಯ ಅಕ್ಷರಮಾಲೆ ಪಟಗಳಲ್ಲಿ ‘ಅ’ ಎಂಬುದರ ಮುಂದೆ ಅರಸ ಕೂರಬೇಕೋ ಅಗಸ ನಿಲ್ಲಬೇಕೋ ಎಂಬುದು ಚಿತ್ರಕಾರನ ಇಚ್ಛೆಯಾಗಿತ್ತು. ಇಲ್ಲಿ ಮಗು ಇಬ್ಬರನ್ನೂ ತಾನೇ ಬರೆದುಕೊಳ್ಳುತ್ತದೆ.

ಪೆಟ್ಟಿಗೆಯಾದ ಪ್ರಯೋಗ

೨೦೦೯-೧೦ನೆಯ ಸಾಲಿನಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳ ಆರಂಭದ ತರಗತಿಗಳಿಗೆ ನಲಿ-ಕಲಿ ವಿಸ್ತರಿಸಿತು. ಒಂದು ತಾಲ್ಲೂಕಿನ ಶಿಕ್ಷಕರ ಕೈಬರಹವಾಗಿ ಆರಂಭವಾದದ್ದು ಇಡೀ ರಾಜ್ಯದ ಅಚ್ಚಿನ ಸಾಮಗ್ರಿಯಾಯಿತು. ಈ ವಿಸ್ತರಣೆಯನ್ನು ಹಗುರಾಗಿ ಹಳಿಯುವಂತಿಲ್ಲ. ಕೈಯಲ್ಲಿ ಬರೆದ ಕಾರ್ಡು ಒಂದು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮೂರು ವಿಷಯಗಳಿಗೆ ನೂರಾರು ಕಾರ್ಡುಗಳನ್ನು ಬರೆದು, ಹರಿದದ್ದನ್ನು ಮತ್ತೆ ಬರೆದು ಕೊಡುವುದು ಆಗುಹೋಗುವ ಕೆಲಸವಲ್ಲ. ಚೆನ್ನಾಗಿ ಬರೆಯಬಲ್ಲ ಶಿಕ್ಷಕರಿರುವ ಊರಿನ ಮಗುವಿಗೆ ಒಂದು ಬಗೆ, ಇಲ್ಲದ ಊರಿನ ಮಗುವಿಗೆ ಇನ್ನೊಂದು ಬಗೆ ಎಂಬ ತಾರತಮ್ಯವನ್ನು ಅಚ್ಚಿನ ಕಾರ್ಡು ಅಳಿಸುತ್ತದೆ. ಏಕರೂಪತೆಯ ಹಿಂದೆ ಸಮಾನತೆಯ ಒಂದು ಆಶಯವೂ ಇದೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಚರ್ಚೆ ನಡೆಯಬೇಕು.

ಆದರೆ ಅಚ್ಚಾಗುವಾಗ ಕಳೆದುಹೋದದ್ದು ಒಂದಿದೆ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಕಾರ್ಡು ತಮ್ಮದೇ ಬರಹವಾಗಿತ್ತು. ಬೆಳಗ್ಗೆ ಬರೆದದ್ದು ಮಧ್ಯಾಹ್ನ ಮಗುವಿಗೆ ಅರ್ಥವಾಗದಿದ್ದರೆ ಸಂಜೆ ಅದನ್ನು ಬದಲಿಸುವ ಸ್ವಾತಂತ್ರ್ಯವಿತ್ತು. ಅಚ್ಚಿನ ಪೆಟ್ಟಿಗೆಯನ್ನು ಪಡೆದ ಶಿಕ್ಷಕರಿಗೆ ಕಾರ್ಡು ಬಂತು, ಈ ಸ್ವಾತಂತ್ರ್ಯ ಬರಲಿಲ್ಲ. ಏಣಿಯ ಮೆಟ್ಟಿಲಿಗೂ ಕಾರ್ಡಿನ ಸಂಖ್ಯೆಗೂ ಮಗುವಿನ ಪ್ರಗತಿ ದಾಖಲೆಗೂ ನಂಟು ಇರುವುದರಿಂದ ಒಂದು ಕಾರ್ಡನ್ನು ತೆಗೆದು ಇನ್ನೊಂದನ್ನು ಇಡುವುದು ದಾಖಲೆಯನ್ನೇ ಕೆಡಿಸಿದಂತೆ ತೋರುತ್ತದೆ. ಇಲಾಖೆಯ ಪರಿಭಾಷೆಯಲ್ಲಿ ಶಿಕ್ಷಕರನ್ನು ‘ಸುಗಮಕಾರ’ರೆಂದು ಕರೆಯಲಾಗುತ್ತದೆ. ಬರಹಗಾರನಾಗಿದ್ದವನು ಸುಗಮಕಾರನಾದದ್ದು ಬಡ್ತಿಯೋ ಹಿಂಬಡ್ತಿಯೋ ಎಂಬುದು ಚರ್ಚೆಗೆ ಯೋಗ್ಯವಾದ ವಿಷಯ.

‘ಹ’ ಎಂಬ ಅಕ್ಷರ

ಈ ನಷ್ಟ ಎಂಥದೆಂಬುದು ಒಂದೇ ಒಂದು ಅಕ್ಷರದ ಮೂಲಕ ಸ್ಪಷ್ಟವಾಗುತ್ತದೆ. ಹಳೆಯ ಮೈಸೂರು ಸೀಮೆಯ ಗ್ರಾಮೀಣ ಆಡುಮಾತಿನಲ್ಲಿ, ಹಾಸನ ಜಿಲ್ಲೆಯೂ ಸೇರಿದಂತೆ, ಪದಾದಿಯ ಹಕಾರ ಅನೇಕ ಸಮುದಾಯಗಳಲ್ಲಿ ಉಚ್ಚಾರವಾಗುವುದಿಲ್ಲ. ಹಾಸನವೇ ‘ಆಸನ’. ಹಾಲು ‘ಆಲು’, ಹುಲಿ ‘ಉಲಿ’, ಹಣ್ಣು ‘ಅಣ್ಣು’, ಹೊಲ ‘ವಲ’, ಹಸು ‘ಅಸ’. ಆಲೂಗೆಡ್ಡೆಗೆ ಹೆಸರಾದ ಜಿಲ್ಲೆಯಲ್ಲಿ ಹಾಲೂ ‘ಆಲು’ವೇ ಆಗಿರುವುದು ತಮಾಷೆಯಾಗಿ ಕಂಡರೂ ಆಡುವವರಿಗೆ ಎಂದೂ ಗೊಂದಲವಾಗಿಲ್ಲ. ಉಪಭಾಷೆಗಳ ಅಧ್ಯಯನದಲ್ಲಿ ಇದು ಬಹುಕಾಲದಿಂದ ದಾಖಲಾದ ಸಂಗತಿ. ೧೯೬೦ರ ಸುಮಾರಿನಲ್ಲಿ ವಿಲಿಯಂ ಬ್ರೈಟ್, ಅನಂತರ ಅವರೊಡನೆ ಎ.ಕೆ. ರಾಮಾನುಜನ್ ಜಾತಿ ಉಪಭಾಷೆಗಳನ್ನು ಕುರಿತು ನಡೆಸಿದ ಚರ್ಚೆಗಳಿಂದ ತೊಡಗಿ, ಯು.ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗ ಉಪಭಾಷೆಯನ್ನು ವಿವರಿಸಿ ೧೯೬೮ರಲ್ಲಿ ಪ್ರಕಟಿಸಿದ ಗ್ರಂಥದವರೆಗೆ ಹಳೆಯ ಮೈಸೂರಿನ ಆಡುಮಾತುಗಳ ವಿವರಣೆಗೆ ಗಟ್ಟಿಯಾದ ಪರಂಪರೆಯೇ ಇದೆ. ಆ ತಿಳಿವಳಿಕೆ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಒಂದನೆಯ ತರಗತಿಯ ಕಾರ್ಡಿನವರೆಗೆ ನಡೆದು ಬಂದಿಲ್ಲ.

ಮಲ್ಲಿಪಟ್ಟಣ ಸೀಮೆಯ ಶಾಲೆಯೊಂದರ ಮೊದಲ ತಟ್ಟೆಯಲ್ಲಿ ಕುಳಿತ ಮಗುವನ್ನು ಕಲ್ಪಿಸಿಕೊಳ್ಳಬಹುದು. ಅದು ‘ರ ಗ ಸ ದ ಅ’ಗಳನ್ನು ದಾಟಿದೆ. ‘ಅ’ ಗೊತ್ತು, ‘ಸ’ ಗೊತ್ತು. ಆ ಮಗುವಿಗೆ ಹಸುವಿನ ಚಿತ್ರ ತೋರಿಸಿ ಹೆಸರು ಬರೆಯಲು ಹೇಳಿದರೆ ಅದು ತನ್ನ ಕಿವಿಯನ್ನು ನಂಬಿ ‘ಅಸ’ ಎಂದು ಬರೆಯುತ್ತದೆ. ನುಡಿಯನ್ನು ಧ್ವನಿಗಳಾಗಿ ಬಿಡಿಸಿ, ಧ್ವನಿಗೆ ಅಕ್ಷರವನ್ನು ಹೊಂದಿಸಿ ಬರೆಯುವುದೇ ಓದುಬರಹದ ಮೊದಲ ಗೆಲುವು. ಮಗು ಆ ಗೆಲುವನ್ನು ಸಾಧಿಸಿದೆ. ಆದರೆ ಅದಕ್ಕೆ ದೊರೆಯುವ ಉತ್ತರ ‘ತಪ್ಪು’. ಪೇಟೆಯಲ್ಲಿ ಸಿಗುವ ಅಕ್ಷರಮಾಲೆ ಪಟಗಳಲ್ಲಿ ‘ಹ’ ಎಂಬುದರ ಪಕ್ಕ ಹಸುವೋ ಹಡಗೋ ಇರುತ್ತದೆ. ಚಿತ್ರವು ಅಕ್ಷರದ ಧ್ವನಿಯನ್ನು ನೆನಪಿಗೆ ತರಬೇಕೆಂಬುದು ಪಟದ ಉದ್ದೇಶ. ಈ ಮಗುವಿಗೆ ಹಸುವಿನ ಚಿತ್ರ ನೆನಪಿಗೆ ತರುವುದು ‘ಅ’ ಎಂಬ ಧ್ವನಿಯನ್ನು. ಹಡಗನ್ನಂತೂ ಅದು ಕಂಡೇ ಇಲ್ಲ. ಉಪಕರಣವು ಇಲ್ಲಿ ಬರಿಯ ನಿರುಪಯುಕ್ತವಲ್ಲ, ದಾರಿ ತಪ್ಪಿಸುವಂಥದು.

ಇದರ ಮುಂದಿನ ಹಂತವೂ ಪರಿಚಿತವೇ. ತಿದ್ದಿಸಿಕೊಂಡ ಮಗು ಎಲ್ಲಿ ಹಕಾರ ಬೇಕೆಂದು ತಿಳಿಯದೆ ಬೇಡದ ಕಡೆಯಲ್ಲೂ ಅದನ್ನು ತೊಡಿಸುತ್ತದೆ. ಆನೆ ‘ಹಾನೆ’ಯಾಗುತ್ತದೆ, ಅಕ್ಕಿ ‘ಹಕ್ಕಿ’ಯಾಗಿ ಹಾರಿಹೋಗುತ್ತದೆ. ಆಗ ತರಗತಿ ನಗುತ್ತದೆ. ನಕ್ಕಿಸಿಕೊಂಡ ಮಗು ಎರಡನೆಯ ಸಲ ಗಟ್ಟಿಯಾಗಿ ಓದುವುದಿಲ್ಲ. ಓದಲು ಬಾರದ ಮಕ್ಕಳ ಪಟ್ಟಿಯಲ್ಲಿ ಸೇರುವ ಕೆಲವರಾದರೂ ಹೀಗೆ ಬಾಯಿ ಮುಚ್ಚಿಕೊಂಡವರು ಇರಬಹುದೆಂಬುದನ್ನು ಅಲ್ಲಗಳೆಯಲಾಗದು.

ಈ ನಗೆಯ ಹಿಂದೆ ಭಾಷಾವೈಜ್ಞಾನಿಕ ಕಾರಣವಿಲ್ಲ, ಸಾಮಾಜಿಕ ಕಾರಣವಿದೆ. ಶಕಾರ ಷಕಾರಗಳ ವ್ಯತ್ಯಾಸವನ್ನು ಮಾತಿನಲ್ಲಿ ಕಾಪಾಡುವ ಕನ್ನಡಿಗರು ವಿದ್ಯಾವಂತರಲ್ಲಿಯೂ ವಿರಳ. ಮಹಾಪ್ರಾಣಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ, ಡಿ.ಎನ್. ಶಂಕರ ಬಟ್ ಅವರು ೨೦೦೫ರ ‘ಕನ್ನಡ ಬರಹವನ್ನು ಸರಿಪಡಿಸೋಣ’ ಕೃತಿಯಲ್ಲಿ ಎತ್ತಿದ ವಾದಕ್ಕೆ ಆಧಾರವೇ ಇದು. ಅವರ ಲಿಪಿಸುಧಾರಣೆಯ ಸಲಹೆಯನ್ನು ಒಪ್ಪದವರೂ ಅವರು ತೋರಿಸಿದ ಸಂಗತಿಯನ್ನು ನಿರಾಕರಿಸಿಲ್ಲ. ‘ಭಾಷೆ’ ಎಂಬ ಪದವನ್ನು ‘ಬಾಶೆ’ ಎಂದು ಉಚ್ಚರಿಸಿ ಸರಿಯಾಗಿ ಬರೆಯುವ ಅಧ್ಯಾಪಕನನ್ನು ಯಾರೂ ನಗುವುದಿಲ್ಲ. ಮಾತಿನಲ್ಲಿ ಇಲ್ಲದ ವ್ಯತ್ಯಾಸವನ್ನು ಆತ ಬರಹದಲ್ಲಿ ಕಲಿತುಕೊಂಡಿದ್ದಾನೆ ಎಂದಷ್ಟೇ ತಿಳಿಯಲಾಗುತ್ತದೆ. ‘ಆಲು’ ಎಂದು ಉಚ್ಚರಿಸಿ ‘ಹಾಲು’ ಎಂದು ಬರೆಯಲು ಕಲಿಯುವ ಮಗು ಮಾಡುತ್ತಿರುವುದೂ ಅದನ್ನೇ. ಒಂದನ್ನು ರೂಢಿಯೆಂದೂ ಇನ್ನೊಂದನ್ನು ಕೊರತೆಯೆಂದೂ ಕರೆಯುವುದಕ್ಕೆ ಆಡುವವರ ಸ್ಥಾನಮಾನವಲ್ಲದೆ ಬೇರೆ ಆಧಾರವಿಲ್ಲ.

ಭಾಷೆಯ ಚರಿತ್ರೆಯೂ ಮಗುವಿನ ಪರವಾಗಿಯೇ ಇದೆ. ಪಾಲ್, ಪುಲಿ, ಪೊಲ, ಪಕ್ಕಿ, ಪಾಡು ಎಂಬ ಹಳಗನ್ನಡದ ರೂಪಗಳು ನಡುಗನ್ನಡದ ವೇಳೆಗೆ ಹಾಲು, ಹುಲಿ, ಹೊಲ, ಹಕ್ಕಿ, ಹಾಡು ಆದವು. ಪಕಾರ ಹಕಾರವಾದದ್ದು ಬೆಳವಣಿಗೆಯೆಂದು ಸ್ನಾತಕೋತ್ತರ ತರಗತಿಯಲ್ಲಿ ಪಾಠವಾಗುತ್ತದೆ. ಅದೇ ಹಕಾರ ಮುಂದೆ ಸವೆದು ಲೋಪವಾದದ್ದು ಒಂದನೆಯ ತರಗತಿಯಲ್ಲಿ ಅಪರಾಧವಾಗುತ್ತದೆ. ಇದಕ್ಕೆ ಹಾಸನ ಜಿಲ್ಲೆಯಲ್ಲೇ ಒಂದು ಒಳ್ಳೆಯ ನಿದರ್ಶನ ಲಭ್ಯ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸಾಮಾನ್ಯವಾಗಿ ಕ್ರಿ.ಶ. ೪೫೦ರ ಆಸುಪಾಸಿನದೆ‌ಂದು ಎಣಿಸಲ್ಪಟ್ಟಿದೆ. ಅದರಲ್ಲಿ ಊರಿನ ಹೆಸರು ‘ಪಲ್ಮಿಡಿ’. ಬರಹದಲ್ಲಿ ಇಂದು ‘ಹಲ್ಮಿಡಿ’. ಹಕಾರ ಬಿಡುವ ನಾಲಗೆಯಲ್ಲಿ ಅದು ‘ಅಲ್ಮಿಡಿ’. ಒಂದೇ ಹೆಸರಿನ ಮೂರು ಕಾಲಘಟ್ಟಗಳಲ್ಲಿ ನಡುವಿನದೊಂದನ್ನು ಮಾತ್ರ ಶುದ್ಧವೆಂದು ಸಾಧಿಸುವುದು ಯಾವ ಭಾಷಾಶಾಸ್ತ್ರಜ್ಞನಿಗೂ ಸಾಧ್ಯವಾಗದು.

ಹಾಗೆಂದು ಬರಹದ ರೂಢಿಯನ್ನು ಕಲಿಸಬೇಕಾಗಿಲ್ಲ ಎಂಬುದು ಇಲ್ಲಿನ ವಾದವಲ್ಲ. ಮಗುವಿಗೆ ‘ಹ’ ಬೇಕೇ ಬೇಕು. ಪ್ರಶ್ನೆ ಯಾವ ಕಾರ್ಡಿನ ಮೂಲಕ ಎಂಬುದಷ್ಟೆ. ಹಕಾರ ಉಳಿದಿರುವ ಕಡೆಗಳಲ್ಲಿ ಹಸುವಿನ ಚಿತ್ರದ ಕಾರ್ಡು ಸಾಕು. ಮಲ್ಲಿಪಟ್ಟಣಕ್ಕೆ ಬೇಕಾದದ್ದು ಜೋಡಿ ಚಿತ್ರದ ಕಾರ್ಡು: ಒಂದು ಬದಿಗೆ ಮೊರದಲ್ಲಿನ ಅಕ್ಕಿ, ಇನ್ನೊಂದು ಬದಿಗೆ ಕೊಂಬೆಯ ಮೇಲಿನ ಹಕ್ಕಿ, ಒಂದು ಬದಿಗೆ ಆಡು, ಇನ್ನೊಂದು ಬದಿಗೆ ಹಾಡು. ಮನೆಯ ಮಾತಿನಲ್ಲಿ ಎರಡೂ ಒಂದೇ ಬಗೆಯಾಗಿ ಕೇಳುತ್ತವೆ, ಬರಹದಲ್ಲಿ ಇವನ್ನು ಬೇರೆ ಮಾಡಲು ಒಂದು ಅಕ್ಷರವಿದೆ ಎಂದು ತೋರಿಸಿದರೆ ‘ಹ’ ಎಂಬುದು ಮಗುವಿನ ತಪ್ಪನ್ನು ತಿದ್ದುವ ಕೋಲಾಗದೆ ಅದರ ಕೈಗೆ ಬಂದ ಹೊಸ ಸಾಧನವಾಗುತ್ತದೆ. ಇಂಥ ಕಾರ್ಡನ್ನು ಬೆಂಗಳೂರಿನಲ್ಲಿ ಕುಳಿತು ಇಡೀ ರಾಜ್ಯಕ್ಕೆ ಅಚ್ಚು ಹಾಕಿಸಲಾಗುವುದಿಲ್ಲ, ಹಾಕಿಸಬೇಕಾಗಿಯೂ ಇಲ್ಲ. ಅದನ್ನು ಬರೆಯಬಲ್ಲವರು ಆ ಮಾತನ್ನು ದಿನವೂ ಕೇಳುವ ಶಿಕ್ಷಕರು.

ಚಿತ್ರ ಒಂದು, ಹೆಸರು ಹಲವು

ಧ್ವನಿಯ ಮಟ್ಟದಲ್ಲಿ ಕಂಡ ಸಮಸ್ಯೆ ಪದದ ಮಟ್ಟದಲ್ಲಿ ಇನ್ನಷ್ಟು ಸರಳವಾಗಿ ಕಾಣಿಸುತ್ತದೆ. ಈರುಳ್ಳಿಯ ಚಿತ್ರವೊಂದನ್ನು ಅರಕಲಗೂಡಿನ ಮಗುವಿಗೆ ತೋರಿಸಿದರೆ ‘ಈ’, ಧಾರವಾಡದ ಮಗುವಿಗೆ ತೋರಿಸಿದರೆ ಉಳ್ಳಾಗಡ್ಡಿಯ ‘ಉ’, ಮಂಗಳೂರಿನ ಮಗುವಿಗೆ ತೋರಿಸಿದರೆ ನೀರುಳ್ಳಿಯ ‘ನೀ’. ಮೊಟ್ಟೆ ತತ್ತಿಗಳದೂ ಇದೇ ಕಥೆ. ಚಿತ್ರಕ್ಕೆ ಭಾಷೆಯಿಲ್ಲ, ಅದು ಎಲ್ಲರಿಗೂ ಸಲ್ಲುತ್ತದೆ ಎಂಬ ನಂಬಿಕೆಯೇ ಅಕ್ಷರ ಕಲಿಕೆಯ ಸಂದರ್ಭದಲ್ಲಿ ಪೊಳ್ಳು.

ರಾಜ್ಯದ ಮಾತಿರಲಿ, ಒಂದು ಜಿಲ್ಲೆಯೊಳಗೂ ಭೇದಗಳಿವೆ. ಮಲ್ಲಿಪಟ್ಟಣದ ಕಡೆ ಮಲೆನಾಡಿನ ಸೆರಗು. ಮುಂಗಾರು ಹಿಡಿದರೆ ದಿನಗಟ್ಟಲೆ ಬಿಡದು. ಚನ್ನರಾಯಪಟ್ಟಣ ತೆಂಗಿನ ತೋಟಗಳ, ಕೆರೆಗಳ ಬಯಲುಸೀಮೆ. ಹೊಳೆನರಸೀಪುರ ಹೇಮಾವತಿಯ ದಂಡೆ. ಅರಕಲಗೂಡು ತಾಲ್ಲೂಕಿನದೇ ಆದ ರಾಮನಾಥಪುರ ಕಾವೇರಿಯ ದಂಡೆ. ನೀರಿನ ಮೂಲಗಳನ್ನು ಕುರಿತ ಪರಿಸರ ಅಧ್ಯಯನದ ಪಾಠ ಈ ನಾಲ್ಕು ಕಡೆಗಳಲ್ಲಿ ನಾಲ್ಕು ಬಗೆಯಾಗಿ ಹೊರಡಬೇಕಾಗುತ್ತದೆ. ಕಾರ್ಡಿನಲ್ಲಿರುವ ಪದ ‘ನದಿ’. ದಂಡೆಯ ಮೇಲಿನ ಮಗುವಿಗೆ ಗೊತ್ತಿರುವುದು ‘ಹೊಳೆ’. ಊರಿನ ಹೆಸರಿನಲ್ಲಿಯೇ ಹೊಳೆ ಇರುವಾಗ ಪಾಠವು ನದಿಯಿಂದ ಆರಂಭವಾಗಬೇಕಾದ ಅವಶ್ಯಕತೆಯಿಲ್ಲ; ಹೊಳೆಯಿಂದ ಹೊರಟು ನದಿಯನ್ನು ತಲುಪಬಹುದು. ನಲಿ-ಕಲಿಯ ತರಗತಿಯಲ್ಲಿ ಮಕ್ಕಳು ದಿನವೂ ತುಂಬುವ ಹವಾಮಾನ ನಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಸೋನೆ, ಜಡಿ, ತುಂತುರು ಎಂಬ ಭೇದಗಳು ಗೊತ್ತಿರುವ, ಆರಿದ್ರಾ ಪುನರ್ವಸುಗಳ ಹೆಸರನ್ನು ಮನೆಯ ಹಿರಿಯರಿಂದ ಕೇಳಿರುವ ಮಗುವಿಗೆ ‘ಮಳೆ’ ಎಂಬ ಒಂದೇ ಚೌಕ ಚಿಕ್ಕದಾಗುತ್ತದೆ.

ಹಂಚಿಕೆಯ ದಾರಿಗಳು

ಹಾಗಾದರೆ ಶಿಕ್ಷಕರು ತಾವು ಕಂಡುಕೊಂಡದ್ದನ್ನು ಒಬ್ಬರಿಗೊಬ್ಬರು ತಲುಪಿಸುವ ದಾರಿಗಳು ಯಾವುವು? ವ್ಯವಸ್ಥೆಯೊಳಗೆ ಇವು ಇಲ್ಲದೆ ಇಲ್ಲ. ಸಮೂಹ ಸಂಪನ್ಮೂಲ ಕೇಂದ್ರದ ಮಾಸಿಕ ಸಮಾಲೋಚನಾ ಸಭೆಯು ಮೂಲತಃ ಇದಕ್ಕಾಗಿಯೇ ರೂಪುಗೊಂಡದ್ದು. ಸುತ್ತೋಲೆ ಓದುವುದಕ್ಕೂ ಅಂಕಿಅಂಶ ಒಪ್ಪಿಸುವುದಕ್ಕೂ ಅದರ ಬಹುಪಾಲು ಸಮಯ ಸಲ್ಲುತ್ತದೆ ಎಂಬುದು ಶಿಕ್ಷಕರ ಬಳಗದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ೨೦೦೧ರಲ್ಲಿ ಆರಂಭವಾದ ಸರ್ವ ಶಿಕ್ಷಾ ಅಭಿಯಾನದ ಅಡಿಯಲ್ಲಿ ಪಾಠೋಪಕರಣ ತಯಾರಿಗೆಂದು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ೫೦೦ ರೂಪಾಯಿ ದೊರೆಯುತ್ತಿತ್ತು. ಮೊತ್ತ ಚಿಕ್ಕದಾದರೂ ಶಿಕ್ಷಕರನ್ನು ತಯಾರಕರೆಂದು ಗುರುತಿಸಿದ ತತ್ತ್ವ ದೊಡ್ಡದು. ಆದರೆ ಕಲಿಕೋಪಕರಣ ಮೇಳಗಳ ಸಂಸ್ಕೃತಿ ಬೆಳೆದಂತೆ ಉಪಕರಣವು ನೋಟದ ವಸ್ತುವಾಯಿತು. ಥರ್ಮಾಕೋಲು, ಮಿರುಗು ಕಾಗದಗಳಲ್ಲಿ ಮೆರೆದ ಮಾದರಿಗಳನ್ನು ಮಕ್ಕಳು ಮುಟ್ಟಿದರೆ ಕೆಡುತ್ತವೆಂದು ಬೀರುವಿನಲ್ಲಿಟ್ಟು ಬೀಗ ಹಾಕುವುದೇ ಸಹಜವಾಯಿತು. ಹುಣಿಸೆ ಬೀಜ, ಹೊಂಗೆ ಬೀಜ, ಬೆಂಕಿಪೊಟ್ಟಣ, ಹಳೆಯ ಲಗ್ನಪತ್ರಿಕೆಯ ರಟ್ಟು, ಹತ್ತರ ಕಟ್ಟು ಮಾಡಿದ ಕಡ್ಡಿಗಳು ಮೇಳದಲ್ಲಿ ಬಹುಮಾನ ಗಳಿಸುವುದು ಕಷ್ಟ. ತರಗತಿಯಲ್ಲಿ ಸವೆಯುವವರೆಗೆ ದುಡಿಯುವುದು ಅವೇ. ಅಳಗುಳಿ ಮಣೆಗಿಂತ ಒಳ್ಳೆಯ ಎಣಿಕೆಯ ಉಪಕರಣವನ್ನು ಯಾವ ಮೇಳವೂ ಇನ್ನೂ ತೋರಿಸಿಲ್ಲ. (ಆ ಮಣೆಯನ್ನು ಹಕಾರ ಸೇರಿಸಿ ‘ಹಳಗುಳಿ’ ಎನ್ನುವವರೂ ಇದ್ದಾರೆ, ‘ಹ’ ಇಲ್ಲಿಯೂ ಬೆನ್ನು ಬಿಟ್ಟಿಲ್ಲ.)

ಇತ್ತೀಚಿನ ವರ್ಷಗಳಲ್ಲಿ ಹಂಚಿಕೆಯ ಮುಖ್ಯ ದಾರಿ ಶಿಕ್ಷಕರ ವಾಟ್ಸಾಪ್ ಗುಂಪುಗಳು. ಒಬ್ಬರು ಸಿದ್ಧಪಡಿಸಿದ ಅಭ್ಯಾಸ ಹಾಳೆ ಸಂಜೆಯೊಳಗೆ ಬೇರೆ ತಾಲ್ಲೂಕಿನ ಮೊಬೈಲಿನಲ್ಲಿರುತ್ತದೆ. ವೇಗ ಬೆರಗು ಹುಟ್ಟಿಸುವಂಥದು. ಆದರೆ ಹಾಳೆ ಬರುವುದು ಬಹುಮಟ್ಟಿಗೆ ಚಿತ್ರವಾಗಿ ಅಥವಾ ಪಿ.ಡಿ.ಎಫ್. ಆಗಿ. ಇದಕ್ಕೆ ಕನ್ನಡದ್ದೇ ಆದ ಒಂದು ತಾಂತ್ರಿಕ ಕಾರಣವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತವು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಯುನಿಕೋಡ್ ಬಂದ ಮೇಲೂ ಹಳೆಯ ರೂಢಿ ಪೂರ್ತಿ ತೊಲಗಿಲ್ಲ. ಆದ್ದರಿಂದ ಕಡತವನ್ನು ಗಟ್ಟಿಮಾಡಿ ಕಳುಹಿಸುವುದು ಅನಿವಾರ್ಯವಾಗುತ್ತದೆ. ಪಡೆದವರು ಅದನ್ನು ಮುದ್ರಿಸಬಹುದು, ಮುಂದಕ್ಕೆ ಕಳುಹಿಸಬಹುದು. ‘ನದಿ’ಯನ್ನು ‘ಹೊಳೆ’ಯಾಗಿ ತಿದ್ದುವುದು ಸುಲಭವಲ್ಲ. ಪೆಟ್ಟಿಗೆಯ ಕಾರ್ಡು ಆಡಳಿತದ ಕಾರಣದಿಂದ ಎಷ್ಟು ಗಟ್ಟಿಯೋ ಇದು ತಂತ್ರದ ಕಾರಣದಿಂದ ಅಷ್ಟೇ ಗಟ್ಟಿ.

ಈ ಗಟ್ಟಿತನವನ್ನು ಒಡೆಯುವ ಪ್ರಯತ್ನಗಳು ನಡೆದಿವೆ. ಬಳಸಲು, ಬದಲಿಸಲು, ಮರಳಿ ಹಂಚಲು ಮೊದಲೇ ಅನುಮತಿ ನೀಡಿದ ಸಾಮಗ್ರಿಗೆ ಯುನೆಸ್ಕೋ ೨೦೦೨ರಲ್ಲಿ ನಡೆಸಿದ ಸಭೆಯೊಂದರಿಂದ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂಬ ಹೆಸರು ಬಂತು. ಕರ್ನಾಟಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐ.ಟಿ. ಫಾರ್ ಚೇಂಜ್ ಸಂಸ್ಥೆಯೊಡನೆ ೨೦೧೩ರ ಸುಮಾರಿನಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯನ್ನು ಕೈಗೊಂಡಿತು. ಶಿಕ್ಷಕರು ತಾವೇ ಬರೆದು, ಇತರರು ಬರೆದದ್ದನ್ನು ತಿದ್ದುವ ವ್ಯವಸ್ಥೆ ಅದು. ಅದರ ಗಮನ ಹೆಚ್ಚಾಗಿ ಪ್ರೌಢಶಾಲಾ ವಿಷಯಗಳ ಕಡೆಗಿತ್ತು. ಪ್ರಥಮ್ ಬುಕ್ಸ್ ೨೦೧೫ರಲ್ಲಿ ಆರಂಭಿಸಿದ ಸ್ಟೋರಿವೀವರ್ ಮಕ್ಕಳ ಕಥೆಗಳಿಗೆ ಇಂಥದೇ ಅನುಮತಿ ನೀಡಿತು. ಅಲ್ಲಿ ಕನ್ನಡದ ಕಥೆಗಳೂ ಇವೆ. ಒಂದನೆಯ ತರಗತಿಯ ಅಕ್ಷರದ ಕಾರ್ಡು ಮಾತ್ರ, ಯಾವುದಕ್ಕೆ ತಿದ್ದುಪಡಿಯ ಅವಕಾಶ ಎಲ್ಲಕ್ಕಿಂತ ಹೆಚ್ಚು ಬೇಕೋ ಅದು, ಇವುಗಳ ನಡುವೆ ಎಲ್ಲೋ ಜಾರಿಹೋಗಿದೆ.

ಪಾಠಾಂತರ

ಕನ್ನಡ ವಿಭಾಗಗಳಿಗೆ ಈ ಇಕ್ಕಟ್ಟನ್ನು ಅರಿಯುವ ಪರಿಭಾಷೆ ಹೊರಗಿನಿಂದ ಬರಬೇಕಾಗಿಲ್ಲ. ಗ್ರಂಥಸಂಪಾದನೆಯಲ್ಲಿ ‘ಪಾಠಾಂತರ’ವೆಂಬ ಮಾತು ಬಳಕೆಯಲ್ಲಿದೆ. ಪ್ರತಿಕಾರನೊಬ್ಬ ಬದಲಿಸಿ ಬರೆದ ಪಾಠವನ್ನು ಹಿಂದೆ ದೋಷವೆಂದು ಅಡಿಟಿಪ್ಪಣಿಗೆ ತಳ್ಳುತ್ತಿದ್ದುದುಂಟು. ಜಾನಪದ ಅಧ್ಯಯನ ಈ ದೃಷ್ಟಿಯನ್ನು ಬದಲಿಸಿತು. ಒಂದೇ ಕಥನದ ಹತ್ತು ಪಾಠಗಳು ದೊರೆತರೆ ಹತ್ತೂ ಪಾಠಗಳೇ. ಅವುಗಳಲ್ಲಿ ಮೂಲವೊಂದನ್ನು ಆರಿಸಿ ಉಳಿದವನ್ನು ತಪ್ಪೆನ್ನುವ ಜಾನಪದ ವಿದ್ವಾಂಸರು ಈಗ ಇಲ್ಲ. ಹಾಡುವವನು ಕೇಳುವವರ ಮುಖ ನೋಡಿ ಪಾಠವನ್ನು ಬದಲಿಸುತ್ತಾನೆ, ಅದು ಅವನ ಹಕ್ಕು ಎಂದು ಒಪ್ಪಲಾಗಿದೆ. ‘ಪಾಠ’ವೆಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿರುವುದು ಇಲ್ಲಿ ಆಕಸ್ಮಿಕವೆನಿಸದು. ಕಲಿಕಾ ಕಾರ್ಡು ಎರಡೂ ಅರ್ಥದಲ್ಲಿ ಪಾಠ. ಹಾಡುಗಾರನಿಗೆ ಒಪ್ಪಿದ ಹಕ್ಕನ್ನು ಶಿಕ್ಷಕರಿಗೆ ಏಕೆ ಒಪ್ಪಬಾರದೆಂಬುದು ಸರಳವಾದ ಪ್ರಶ್ನೆ.

ಪ್ರಾಯೋಗಿಕವಾಗಿ ಇದರ ಅರ್ಥ ಅಚ್ಚಿನ ಕಾರ್ಡನ್ನು ಕೈಬಿಡಬೇಕೆಂದಲ್ಲ. ಪ್ರತಿ ಮೈಲಿಗಲ್ಲಿನಲ್ಲಿ ಕೆಲವು ಖಾಲಿ ಕಾರ್ಡುಗಳು ಚಿಹ್ನೆ ಮತ್ತು ಸಂಖ್ಯೆಯೊಡನೆ ಅಚ್ಚಾಗಿ ಬಂದರೆ, ಏಣಿಯ ಕ್ರಮವನ್ನೂ ದಾಖಲೆಯನ್ನೂ ಕೆಡಿಸದೆ ಆ ಸೀಮೆಯ ಪಾಠವನ್ನು ಅವುಗಳಲ್ಲಿ ಬರೆಯಬಹುದು. ಬರೆದದ್ದನ್ನು ಸಮಾಲೋಚನಾ ಸಭೆಯಲ್ಲಿ ಪಕ್ಕದ ಶಾಲೆಯವರಿಗೆ ತೋರಿಸಬಹುದು. ಅವರು ಹಾಗೆಯೇ ಒಯ್ಯಲೂಬಹುದು, ತಿದ್ದಿ ಒಯ್ಯಲೂಬಹುದು. ಓಲೆಗರಿಯ ಕೊನೆಯಲ್ಲಿ ಪ್ರತಿಕಾರ ತನ್ನ ಹೆಸರು, ಊರು, ತಿಥಿಗಳನ್ನು ನಮೂದಿಸುತ್ತಿದ್ದಂತೆ ಕಾರ್ಡಿನ ಬೆನ್ನಿಗೆ ಎಲ್ಲಿ, ಯಾವಾಗ, ಏನು ಬದಲಾಯಿತೆಂದು ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಅದು ಜಿಲ್ಲೆಯ ಆಡುಮಾತಿನ ಸಮೀಕ್ಷೆಯೇ ಆದೀತು. ಕನ್ನಡ ವಿಭಾಗಗಳ ಪಾಲಿನ ಕೆಲಸವೂ ಇಲ್ಲಿಯೇ ಇದೆ. ಉಪಭಾಷೆಗಳ ಕ್ಷೇತ್ರಕಾರ್ಯದಲ್ಲಿ ಸಂಗ್ರಹವಾಗುವ ಪದಪಟ್ಟಿಗಳು ಸಂಪ್ರಬಂಧದ ಅನುಬಂಧದಲ್ಲಿ ಉಳಿದುಬಿಡುತ್ತವೆ. ಹೋಬಳಿವಾರು ಪಟ್ಟಿಯಾಗಿ, ಎಲ್ಲಿ ‘ಹ’ ಉಳಿದಿದೆ, ಎಲ್ಲಿ ಇಲ್ಲ, ಯಾವ ಜೋಡಿಪದಗಳು ಕಿವಿಗೆ ಒಂದಾಗುತ್ತವೆ ಎಂಬ ವಿವರದೊಡನೆ ಅವು ಶಿಕ್ಷಕರ ಕೈ ಸೇರಿದರೆ ಅವರು ಕಾರ್ಡು ಬರೆಯುವ ಶ್ರಮ ಅರ್ಧವಾಗುತ್ತದೆ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಕಾರ್ಡಿನಲ್ಲಿ ಪಾಠಾಂತರಕ್ಕೆ ಅವಕಾಶ ಕೊಟ್ಟು, ಮಗು ಎಷ್ಟು ಕಲಿತಿದೆ ಎಂಬುದನ್ನು ಅಳೆಯುವ ಪ್ರಶ್ನೆಯನ್ನು ರಾಜ್ಯಕ್ಕೆಲ್ಲ ಒಂದೇ ಆಗಿ ಇಟ್ಟರೆ, ಶಿಕ್ಷಕರು ಸಹಜವಾಗಿಯೇ ಆ ಪ್ರಶ್ನೆಗೆ ಹೊಂದುವ ಕಾರ್ಡಿಗೆ ಮರಳುತ್ತಾರೆ. ಹಸುವಿನ ಚಿತ್ರದ ಕೆಳಗಿನ ಖಾಲಿ ಗೆರೆಯ ಮೇಲೆ ‘ಅಸ’ ಎಂದು ಬರೆದ ಮಗುವಿಗೆ ಅಕ್ಷರ–ಧ್ವನಿ ಸಂಬಂಧ ಗೊತ್ತಿದೆ ಎಂದು ಗುರುತು ಹಾಕಬೇಕೋ, ಪದ ಗೊತ್ತಿಲ್ಲವೆಂದು ಹಾಕಬೇಕೋ ಎಂಬುದಕ್ಕೆ ಎರಡು ಬೇರೆ ಬೇರೆ ಅಂಕಣಗಳಿರುವ ಮೌಲ್ಯಮಾಪನ ಹಾಳೆಯೊಂದು ಮೊದಲು ಸಿದ್ಧವಾಗಬೇಕಾಗುತ್ತದೆ.